ಹಿಂದೆ ಕೂತವಳ ಸಾಕ್ಷಿ

"ಹಂಗೆ ನೋಡ್ಬೇಡ. ನಾನೇನು ಜೈಲಿಗೆ ಹೋಗ್ತಿಲ್ಲ," ಎನ್ನುತ್ತಾ ಅವನು ಹೆಂಡತಿಯ ಎಡಗೈಯನ್ನು ಮೆಲ್ಲಗೆ ಅಂಗಿಯ ತೋಳಿನೊಳಗೆ ತೂರಿಸಿದ. ಆ ಕೈ ಈಗ ಭುಜದ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ, ಭಾರವನ್ನೂ ತಡೆಯುತ್ತಿರಲಿಲ್ಲ. ಸ್ಕೂಟರಿನಿಂದ ಬಿದ್ದಾಗಿನಿಂದ ಅವಳಿಗೆ ಬಟ್ಟೆ ಹಾಕಿಸುವುದು, ತಲೆ ಬಾಚುವುದು ಅವನ ಬೆಳಗಿನ ಕೆಲಸವಾಗಿತ್ತು. ಮೊದಮೊದಲು ಕೂದಲೆಲ್ಲ ಸಿಕ್ಕಾಗಿ ಅವಳು ಹಲ್ಲು ಕಚ್ಚಿ ಕೂರುತ್ತಿದ್ದಳು. ಈಗ ಅವನ ಕೈ ಪಳಗಿತ್ತು.

"ಲಿಫ್ಟಿನ ಹಗ್ಗಕ್ಕಿಂತ ಗಟ್ಟಿಯಾಗಿದೆ ನೋಡು ಜಡೆ," ಎಂದು ತಾನೇ ನಕ್ಕ. ಅವನು ಲಿಫ್ಟ್ ರಿಪೇರಿ ಮಾಡುವವನು.

ಅವಳು ನಗಲಿಲ್ಲ.

"'ನನ್ನ ಗಂಡಂದೇ ತಪ್ಪು' ಅಂತ ಒಂದು ಮಾತು ಹೇಳ್ಬಿಡು. ಕೋರ್ಟಲ್ಲಿ ಆಡಿದ್ದು ಕೋರ್ಟಲ್ಲೇ ಇರುತ್ತೆ."

"ಹೇಳಕ್ಕೆ ಬಾಯಿ ಬರ್ಬೇಕಲ್ಲ ರೀ."

ಅವಳು ಈಜುಕೊಳದಲ್ಲಿ ಪುಟ್ಟ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ನೀರು ಕಂಡರೆ ಕಿರುಚುವ ಮಕ್ಕಳು ಅವಳ ಕುತ್ತಿಗೆಗೆ ಜೋತುಬಿದ್ದು, ವಾರ ಕಳೆಯುವುದರೊಳಗೆ ಅವಳ ಅಂಗೈ ಮೇಲೆ ಹೊಟ್ಟೆಯೂರಿ ಕಾಲು ಬಡಿಯುತ್ತಿದ್ದವು. ಒಂದೇ ಕೈಯಲ್ಲಿ ಮಗುವನ್ನು ನೀರಿನ ಮೇಲೆ ಹಿಡಿಯಲಾಗುವುದಿಲ್ಲ. ಈಗ ಅವಳನ್ನು ಬಾಗಿಲ ಬಳಿ ಟವೆಲು ಕೊಡಲು ಕೂರಿಸಿದ್ದರು. ಒಳಗಿನಿಂದ ನೀರಿನ ಸದ್ದು ಬಂದಾಗಲೆಲ್ಲ ಅವಳು ಟವೆಲುಗಳನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಇನ್ನೊಂದು ಆಪರೇಷನ್ ಆದರೆ ಕೈ ಸ್ವಲ್ಪ ಏಳಬಹುದು ಎಂದು ಡಾಕ್ಟರು ಹೇಳಿದ್ದರು.

ಆ ಆಪರೇಷನ್ನಿಗಾಗಿಯೇ ಅವರು ವಕೀಲೆಯ ಹತ್ತಿರ ಹೋದದ್ದು. "ನೋಡಮ್ಮ, ಗಾಡಿಗೆ ವಿಮೆ ಇದೆ," ಎಂದಿದ್ದಳು ವಕೀಲೆ. "ಓಡಿಸಿದವರು ಗಂಡನೇ ಆದ್ರೂ ಹಿಂದೆ ಕೂತವರಿಗೆ ಪರಿಹಾರ ಕೇಳೋ ಹಕ್ಕಿದೆ. ಆದ್ರೆ ಓಡಿಸಿದವರ ಅಜಾಗರೂಕತೆಯಿಂದಲೇ ಹೀಗಾಯ್ತು ಅಂತ ತೋರಿಸ್ಬೇಕು." ಹೆಂಡತಿ ಬೇಡವೆಂದು ತಲೆಯಾಡಿಸಿದ್ದಳು. ಹಟ ಹಿಡಿದವನು ಅವನೇ. "ಕೊಡೋದು ಕಂಪನಿಯವ್ರು. ತಪ್ಪು ನನ್ನ ತಲೆಗೆ ಬಂದ್ರೆ ನಂಗೇನು ಕೊಂಬು ಮುರಿದು ಬೀಳುತ್ತಾ?"

ಆಸ್ಪತ್ರೆಯಲ್ಲೂ ಮನೆಯಲ್ಲೂ ನೋಡಲು ಬಂದವರಿಗೆಲ್ಲ ಅವಳು ಒಂದೇ ಕಥೆ ಹೇಳಿದ್ದಳು. ಎಲೆಕ್ಟ್ರಿಕ್ ಸ್ಕೂಟರು, ಸದ್ದೇ ಇಲ್ಲ. ಯಾರೋ ಮುದುಕರು ನೋಡದೆ ರಸ್ತೆಗಿಳಿದರು, ಇವರು ಬ್ರೇಕ್ ಒತ್ತಿದರು, ಗಾಡಿ ಜಾರಿತು. ಮುದುಕರಿಗೆ ಏನೂ ಆಗಲಿಲ್ಲ, ಸದ್ಯ. ಇವರದೇನೂ ತಪ್ಪಿಲ್ಲ.

ಕೋರ್ಟಿನಲ್ಲಿ ತನ್ನ ವಕೀಲೆ ಕೇಳಿದ್ದಕ್ಕೆಲ್ಲ ಅವಳು ಕಲಿಸಿಕೊಟ್ಟಂತೆ ಉತ್ತರಿಸಿದಳು. ದನಿ ಎಷ್ಟು ಸಣ್ಣದಾಗಿತ್ತೆಂದರೆ, ನ್ಯಾಯಾಧೀಶರು ಸ್ವಲ್ಪ ಗಟ್ಟಿಯಾಗಿ ಹೇಳಿ ಎಂದರು. ಆಮೇಲೆ ವಿಮಾ ಕಂಪನಿಯ ವಕೀಲರು ಪಾಟೀಸವಾಲಿಗೆ ಎದ್ದರು. ವಯಸ್ಸಾದವರು, ಮೃದು ಮಾತಿನವರು.

"ನಿಮ್ಮವರ ತಪ್ಪಿಲ್ಲ ಅಂತ ಆಸ್ಪತ್ರೆಯಲ್ಲಿ ನೀವೇ ಹೇಳಿದ್ದೀರಿ. ಪರಿಹಾರದ ಆಸೆಗೆ ಈಗ ಮಾತು ತಿರುಗಿಸಿದ್ದೀರಿ. ಅಲ್ವೇನಮ್ಮ?"

"ಅಲ್ಲ."

"ಮತ್ತೆ?"

ಅವಳು ಕೊನೆಯ ಬೆಂಚಿನ ಕಡೆ ನೋಡಿದಳು. ಹೇಳು, ಹೇಳು ಎನ್ನುವಂತೆ ಅವನು ತಲೆಯಾಡಿಸುತ್ತಿದ್ದ.

"ಹ್ಯಾಂಡಲ್ ಹತ್ರ ಫೋನ್ ಸಿಕ್ಕಿಸಿದ್ರು. ಅದು ಹೊಡ್ಕೊಳ್ತು. ಇವರು ತಲೆ ಬಗ್ಗಿಸಿದ್ರು. ಕನ್ನಡೀಲಿ ನಂಗೆ ಇವರ ಹೆಲ್ಮೆಟ್ಟಿನ ನೆತ್ತಿ ಮಾತ್ರ ಕಾಣ್ತಿತ್ತು, ಮುಖ ಇರ್ಲಿಲ್ಲ. ಆ ಅಜ್ಜ ರಸ್ತೆಗಿಳಿದಿದ್ದನ್ನ ನಾನು ನೋಡ್ದೆ. ಇವರ ಭುಜ ತಟ್ಟಿದೆ. ಮತ್ತೆ ತಟ್ಟಿದೆ. ಆಗ್ಲೂ ಫೋನೇ ನೋಡ್ತಿದ್ರು." ಯಾರೂ ಗಟ್ಟಿಯಾಗಿ ಹೇಳಿ ಎನ್ನಲಿಲ್ಲ. "ಒಂದು ಸಲ ತಲೆ ಎತ್ತಿದ್ರೆ ಸಾಕಿತ್ತು. ಒಂದೇ ಸಲ."

ಇದು ಯಾರೂ ಕಲಿಸಿಕೊಟ್ಟದ್ದಲ್ಲ. ವಕೀಲರು ಇನ್ನೇನೋ ಕೇಳಲು ಹೊರಟು, ಬೇಡವೆನಿಸಿ ಕೂತರು. ಕೊನೆಯ ಬೆಂಚಿನಲ್ಲಿ ಅವನ ತಲೆ ಆಡುವುದು ನಿಂತಿತ್ತು.

ಹೊರಗೆ ವಕೀಲೆಯ ಮುಖ ಅರಳಿತ್ತು. "ಇಷ್ಟು ಚೆನ್ನಾಗಿ ಹೇಳ್ತೀರಿ ಅಂದ್ಕೊಂಡಿರ್ಲಿಲ್ಲಮ್ಮ. ಕೇಸು ನಮ್ಮ ಕಡೆಗೇ ವಾಲಿದೆ. ಧೈರ್ಯವಾಗಿ ಹೋಗ್ಬನ್ನಿ." ಅವನು ಎರಡೂ ಕೈ ಜೋಡಿಸಿ, "ತುಂಬಾ ಉಪಕಾರ ಆಯ್ತು ಮೇಡಂ," ಎಂದ.

ಇಬ್ಬರೂ ಮೆಟ್ಟಿಲಿಳಿದರು. ಗೇಟಿನ ಹತ್ತಿರ ಅವನೇ ಬಾಯಿಬಿಟ್ಟ.

"ಭುಜ ತಟ್ಟಿದ್ದು ನಂಗೂ ನೆನಪಿದೆ."

"ಗೊತ್ತು."

"ಬಂದೋರಿಗೆಲ್ಲ ನನ್ನ ತಪ್ಪಿಲ್ಲ ಅಂತಿದ್ದೆಯಲ್ಲ, ಆಗೆಲ್ಲ ನಾನು ಎದ್ದು ಒಳಗೆ ಹೋಗ್ತಿದ್ದೆ."

"ಅದೂ ಗೊತ್ತು."

"ಯಾರೋ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರು. ಅದಕ್ಕೇ ಫೋನ್ ಮೇಲೆ ಫೋನ್ ಬರ್ತಿತ್ತು."

"ಹೊರಗೆ ಬಂದ್ರಾ ಅವರು?" ಎಂದು ಕೇಳಿದಳು.

"ಬಂದ್ರು. ಬೇರೆಯವರು ಹೋಗಿ ತೆಗೆದ್ರಂತೆ."

"ಸದ್ಯ," ಎಂದಳು.

ಬಸ್ ನಿಲ್ದಾಣ ರಸ್ತೆಯ ಆಚೆ ಬದಿಗಿತ್ತು. ಇಬ್ಬರೂ ಫುಟ್‌ಪಾತಿನ ಅಂಚಿನಲ್ಲಿ ನಿಂತರು. ನಡೆಯುವವರ ದೀಪ ಹಸಿರಾಯಿತು. ಹಿಂದಿದ್ದವರು ಅವರನ್ನು ಬಳಸಿಕೊಂಡು, ಮುಂದೆ ಹಾದು, ರಸ್ತೆ ದಾಟಿದರು. ಅವನು ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಮತ್ತೆ ಬಲಕ್ಕೆ ನೋಡಿದ. ವಾಹನಗಳೆಲ್ಲ ಗೆರೆಯ ಹಿಂದೆ ನಿಂತೇ ಇದ್ದವು. ಅವಳು ಕಾಯುತ್ತಿದ್ದಳು. ಅವನು ಇನ್ನೂ ನೋಡುತ್ತಲೇ ಇದ್ದಾಗ ದೀಪ ಕೆಂಪಾಯಿತು.