ಚೀಲದೊಳಗಿನ ಬೆಕ್ಕು ಮತ್ತು ಹೊಸ ನಾಯಿಮರಿ

ಲಾಂಡ್ರಿಯವನು ನಾಯಿಮರಿ ತಂದು ವಾರ ಕಳೆದಿರಲಿಲ್ಲ, ಮನೆಯ ಎರಡು ಬೆಕ್ಕುಗಳಲ್ಲಿ ಒಂದು ಗೋಣಿಚೀಲ ಸೇರಿತ್ತು.

ಅವನ ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬಟ್ಟೆ ಕೊಡಲು ಬಂದ ಎದುರುಮನೆಯ ಪಶುವೈದ್ಯೆ, ಇಸ್ತ್ರಿ ಮೇಜಿನ ಕೆಳಗೆ ಚೀಲವೊಂದು ಮಿಸುಕುವುದನ್ನು ನೋಡಿದರು.

"ಏನಪ್ಪಾ ಅದು?"

"ನಮ್ಮ ಬೆಕ್ಕು ಬೂದಿ, ಡಾಕ್ಟ್ರಮ್ಮ. ಮಾರ್ಕೆಟ್ ಹತ್ರ ಬಿಟ್ಟು ಬರ್ತೀನಿ. ಮರಿ ಮೂತಿ ನೋಡಿ, ಹೇಗೆ ಪರಚಿದೆ! ಸ್ವಲ್ಪದರಲ್ಲಿ ಕಣ್ಣು ಹೋಗ್ತಿತ್ತು."

ಅವನ ಹೆಂಡತಿ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. "ಇವರೇನು ಮಾಡಿದ್ರು ಅಂತ ಮೊದಲು ಕೇಳಿ. ಬೂದೀನ ಕತ್ತು ಹಿಡಿದು ಮರಿ ಮೂತಿಗೆ ಒತ್ತಿದ್ರು. ಪರಿಚಯ ಮಾಡಿಸ್ತಾರಂತೆ, ಪರಿಚಯ! ಪಾಪ, ಅದನ್ನ ನೋಡಿ ಇನ್ನೊಂದು ಮುದಿ ಬೆಕ್ಕು ಬೀರು ಮೇಲೆ ಹತ್ತಿದ್ದು ಇನ್ನೂ ಇಳಿದಿಲ್ಲ. ಬೆಳಿಗ್ಗೆಯಿಂದ ಒಂದು ತುತ್ತು ಮುಟ್ಟಿಲ್ಲ."

"ಒಂದೇ ಮನೇಲಿ ಇರಬೇಕಾದವು. ಮುಖ ನೋಡ್ಕೊಳ್ಳದೆ ಇದ್ರೆ ಹೇಗೆ?" ಎಂದ ಲಾಂಡ್ರಿಯವನು.

ವೈದ್ಯೆ ಮರಿಯನ್ನು ಒಳಕೋಣೆಗೆ ಬಿಟ್ಟು ಬಾಗಿಲು ಹಾಕಿದರು. ಆಮೇಲೆ ಚೀಲದ ಗಂಟು ಬಿಚ್ಚಿದರು. ಬೂದಿ ಬಾಣದಂತೆ ಹಾರಿ ಬೀರು ಏರಿತು. ಚೀಲದ ತಳ ಒದ್ದೆಯಾಗಿತ್ತು. ಹೆದರಿ ಉಚ್ಚೆ ಹೊಯ್ದುಕೊಂಡಿತ್ತು ಪ್ರಾಣಿ.

"ನಾಚಿಕೆ ಆಗಲ್ವಾ ನಿನಗೆ?" ವೈದ್ಯೆಯ ದನಿ ಬೀದಿಗೂ ಕೇಳಿಸಿತು. "ಮನೇಲಿ ಹುಟ್ಟಿ ಬೆಳೆದ ಬೆಕ್ಕು. ಮಾರ್ಕೆಟ್ಟಲ್ಲಿ ಗಾಡಿ ಕೆಳಗೆ ಸಾಯುತ್ತೆ, ಇಲ್ಲಾ ಹಸಿವಿಂದ ಸಾಯುತ್ತೆ. ತಪ್ಪು ಮಾಡಿದ್ದು ನೀನು, ಗಡೀಪಾರು ಅದಕ್ಕಾ?"

"ಹಾಗಾದ್ರೆ ಬೆಕ್ಕಿಗೊಂದು, ನಾಯಿಗೊಂದು ಬಂಗಲೆ ಕಟ್ಟಿಸ್ಲಾ? ಇರೋದೇ ಎರಡು ರೂಮು. ಒಟ್ಟಿಗೆ ಬಿಟ್ರೆ ತಾವೇ ಹೊಂದ್ಕೊಳ್ತಾವೆ."

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. "ಹೊಸ ಕೆಂಪು ಬಟ್ಟೆ ಬಂದ್ರೆ ಬಿಳಿ ಶರ್ಟ್ ಜೊತೆ ನೆನೆಹಾಕ್ತೀರಾ? ಬಣ್ಣ ಬಿಡುತ್ತೆ, ಬೇರೆ ಬಕೆಟ್ ತಗೊಳೇ ಅಂತ ದಿನಾ ನನ್ನ ತಲೆ ತಿಂತೀರಲ್ಲ! ಊರವರ ಶರ್ಟಿಗೆ ಇರೋ ಮರ್ಯಾದೆ ಮನೆ ಜೀವಕ್ಕಿಲ್ವಾ?"

ಅವನು ಖಾಲಿ ಚೀಲವನ್ನು ಒಗೆಯುವ ಬಟ್ಟೆಗಳ ಪಕ್ಕಕ್ಕೆ ಎಸೆದ. "ಸರಿ. ಏನು ಮಾಡ್ಬೇಕು ಹೇಳಿ."

"ಎರಡು ರೂಮಿನ ಮಧ್ಯೆ ಬಾಗಿಲಿದೆಯಲ್ಲ, ಅದೇ ಸಾಕು. ಸದ್ಯಕ್ಕೆ ಮರಿ ಒಳಗಿರಲಿ, ಬೆಕ್ಕುಗಳು ಹೊರಗಿರಲಿ. ಅವಕ್ಕೆ ಮುಖಕ್ಕಿಂತ ಮೊದಲು ವಾಸನೆ ಪರಿಚಯ ಆಗ್ಬೇಕು. ಮರಿ ಮಲಗಿದ ಬಟ್ಟೆ ಬೆಕ್ಕುಗಳ ಹತ್ರ ಇಡು, ಅವು ಮಲಗಿದ ಬಟ್ಟೆ ಮರಿಗೆ ಕೊಡು. ಬಟ್ಟೆಗೇನು ಬರ ನಿನಗೆ! ಬಾಗಿಲಿನ ಆಚೆಗೊಂದು, ಈಚೆಗೊಂದು ತಟ್ಟೆ ಇಡು. ಎರಡೂ ಕಡೆ ನೆಮ್ಮದಿಯಾಗಿ ತಿನ್ನೋಕೆ ಶುರುಮಾಡಿದ ಮೇಲೆ ಮರಿಗೆ ಹಗ್ಗ ಕಟ್ಟಿ, ದೂರದಿಂದ ತೋರಿಸು."

"ಬೆಕ್ಕನ್ನ ನಾನು ಹಿಡ್ಕೊಂಡಿರ್ಲಾ?"

"ಮತ್ತೆ ಅದೇ! ಬೆಕ್ಕನ್ನ ಯಾರೂ ಹಿಡೀಬಾರದು. ಅದಕ್ಕೆ ಓಡಿಹೋಗೋ ದಾರಿ ಇರಬೇಕು, ಹತ್ತಿ ಕೂರೋಕೆ ಎತ್ತರದ ಜಾಗ ಇರಬೇಕು. ಮರಿ ಅಟ್ಟಿಸ್ಕೊಂಡು ಹೋದ್ರೆ ಆಟ ಅಂತ ನಗಬೇಡ, ಹಗ್ಗ ಎಳೆದು ಕರ್ಕೋ. ಬೆಕ್ಕನ್ನ ನೋಡಿಯೂ ಸುಮ್ಮನೆ ಕೂತ್ರೆ ತಿಂಡಿ ಕೊಡು. ಪೂರ್ತಿ ನಂಬಿಕೆ ಬರೋವರೆಗೂ ಮರೀನ ಬೆಕ್ಕುಗಳ ಜೊತೆ ಒಂಟಿಯಾಗಿ ಬಿಟ್ಟು ಹೋಗ್ಬೇಡ. ಮುದಿ ಬೆಕ್ಕು ನಾಳೆಯೂ ತಿನ್ನದಿದ್ರೆ ಆಸ್ಪತ್ರೆಗೆ ತಗೊಂಡು ಬಾ. ಬೆಕ್ಕು ಉಪವಾಸ ಇದ್ರೆ ಜೀವಕ್ಕೇ ಅಪಾಯ. ಮರೀನೂ ಕರ್ಕೊಂಡು ಬಾ. ಗಾಯ ನೋಡ್ತೀನಿ, ಲಸಿಕೆ ಹಾಕ್ತೀನಿ."

ಅಂದು ಸಂಜೆಯೇ ಹೆಂಡತಿ ಬಟ್ಟೆ ಜೋಡಿಸುವ ಮೇಲಿನ ಹಲಗೆಯನ್ನು ಖಾಲಿ ಮಾಡಿದಳು. ಅಲ್ಲಿ ಹಳೆ ಚಾದರ ಹಾಸಿದಳು. ಮುದಿ ಬೆಕ್ಕು ಮೊದಲು ಇಳಿದು ಬಂದು ತಿಂದಿತು.

ಲಾಂಡ್ರಿಯವನು ಒಮ್ಮೆ ಅವಸರಪಟ್ಟ. ಹಗ್ಗ ಕಟ್ಟಿದ ಮರಿಯನ್ನು ಬೂದಿಯ ಮೂಗಿನವರೆಗೂ ಬಿಟ್ಟ. ಮರಿ ಬೊಗಳಿತು, ಬೂದಿ ಬುಸ್ ಎಂದು ಹಲಗೆ ಹತ್ತಿತು. ಹೆಂಡತಿ ಮರಿಯನ್ನು ಒಳಕ್ಕೆ ಬಿಟ್ಟು ಬಾಗಿಲು ಹಾಕಿದಳು. ಮತ್ತೆ ತಟ್ಟೆಯಿಂದಲೇ ಶುರುಮಾಡಿದರು.

ಹೀಗೇ ವಾರಗಳು ಕಳೆದವು. ಈಗ ಬೂದಿ ಹಲಗೆಯ ಮೇಲೆ, ಮರಿ ಮೇಜಿನ ಕೆಳಗೆ ಮಲಗುತ್ತವೆ. ಅವೇನೂ ಅಂಟಿಕೊಂಡು ಮಲಗುವ ಗೆಳೆಯರಾಗಿಲ್ಲ, ಆಗಬೇಕಾಗಿಯೂ ಇಲ್ಲ. ಒಂದನ್ನೊಂದು ಕಂಡು ಹೆದರುವುದಿಲ್ಲ, ಅಷ್ಟು ಸಾಕು. ಮೊನ್ನೆ ಗಿರಾಕಿಯೊಬ್ಬ ತನ್ನ ಮನೆಯ ಬೆಕ್ಕಿಗೆ ಹೊಸ ಮರಿಯ ಮುಖ ತೋರಿಸಲು ಹೊರಟಿದ್ದನಂತೆ. ಲಾಂಡ್ರಿಯವನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಅವನನ್ನು ತರಾಟೆಗೆ ತೆಗೆದುಕೊಂಡ: "ಮೊದಲು ಬಾಗಿಲು ಹಾಕ್ರೀ!"

ನಿಮ್ಮ ಮನೆಗೂ ಮರಿ ಬಂದಿದೆಯೇ? ಅದನ್ನು ತಂದದ್ದು ನೀವು, ಬೆಕ್ಕಲ್ಲ. ಬೆಕ್ಕು ಪರಚಿದರೆ ಅದನ್ನು ಹೊರಹಾಕಲು ಚೀಲ ಹುಡುಕಬೇಡಿ. ನಡುವೆ ಬಾಗಿಲು ಹಾಕಿ, ವಾಸನೆಯ ಬಟ್ಟೆ ಅದಲುಬದಲು ಮಾಡಿ, ಎತ್ತರದಲ್ಲಿ ಒಂದು ಜಾಗ ಬಿಡಿ. ತಾಳ್ಮೆ ಇಲ್ಲವೇ? ಹಾಗಾದರೆ ಮರಿಯನ್ನು ತರಲೇಬೇಡಿ.