ಸುರುಳಿಯೊಳಗಿನ ಮೊಟ್ಟೆಗಳು

ನಾಲ್ಕನೆಯ ಸಲವೂ ಸುರುಳಿಯೊಳಗಿನ ಮರಿಗಳೇ ಮೊದಲು ಹೊರಬಂದಾಗ ಉಜ್ವಲಾಳಿಗೆ ಅನುಮಾನ ಶುರುವಾಯಿತು.

ಬೀದರಿನ ಪ್ರಯೋಗಾಲಯವೊಂದರಲ್ಲಿ ಆಕೆ ಎರಡು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದಳು. ಗೆಂಡೆ ಮೀನಿನ ಮೊಟ್ಟೆಗಳಲ್ಲಿ ಒಂದು ಪಾಲನ್ನು ತಾಮ್ರದ ತಂತಿಯ ಸುರುಳಿ ಸುತ್ತಿದ ಪೆಟ್ಟಿಗೆಯಲ್ಲಿಡುವುದು. ತಂತಿಯಲ್ಲಿ ಕರೆಂಟು ಹರಿದರೆ ಒಳಗೆ ಕಾಂತಕ್ಷೇತ್ರ ಹುಟ್ಟುತ್ತದೆ. ಇನ್ನೊಂದು ಪಾಲು ಬರಿಯ ಪೆಟ್ಟಿಗೆಯಲ್ಲಿ. ಆಮೇಲೆ ಕಣ್ಣಿನ ಕಪ್ಪು ಯಾವಾಗ ಮೂಡಿತು, ಹೃದಯ ಯಾವಾಗ ಮಿಡಿಯಿತು, ಮರಿ ಯಾವಾಗ ಪೊರೆ ಹರಿದು ಬಂತು ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೂಡುವುದು. ಸುರುಳಿಯ ಮರಿಗಳು ಪ್ರತಿ ಸಲವೂ ಎಂಟು-ಹತ್ತು ತಾಸು ಮೊದಲೇ ಬರುತ್ತಿದ್ದವು. ಗೈಡ್ ಸಿದ್ದೇಶ್ವರ ಸರ್ ಹಿಗ್ಗಿ, ಸೆಮಿನಾರಿಗೆ ಆಕೆಯ ಹೆಸರು ಕೊಟ್ಟೂ ಬಿಟ್ಟಿದ್ದರು.

ಉಜ್ವಲಾ ಔರಾದ ತಾಲೂಕಿನ ಡಾಬಕಾದವಳು. ಒಂದೇ ದಿನ ಬಿತ್ತಿದ ತೊಗರಿ ಒಂದೊಂದು ಸಾಲಿನಲ್ಲಿ ಒಂದೊಂದು ಥರ ಏಳುವುದನ್ನು ಕಂಡು ಬೆಳೆದವಳು. ಜೀವ ಇಷ್ಟು ಶಿಸ್ತಾಗಿ ನಡೆದುಕೊಂಡರೆ ನಡುವೆ ಯಾರದೋ ಕೈ ಇರಬೇಕು ಎನಿಸಿತು.

ಮೊದಲ ಗುಮಾನಿ ಭಾಲ್ಕಿಯ ಮೇಲೆ. ಅಲ್ಲಿ ಮೀನುಮರಿ ಸಾಕುವ ಕೈಲಾಶ ಮೊಟ್ಟೆಗಳನ್ನು ಎರಡು ಚೀಲಗಳಲ್ಲಿ ಕೊಡುತ್ತಿದ್ದ. ಎರಡು ಬೇರೆ ತಾಯಿಮೀನುಗಳ ಮೊಟ್ಟೆಗಳಾಗಿದ್ದರೆ? ಮುಂದಿನ ಸಲ ಆಕೆ ಬಸ್ಸು ಹತ್ತಿ ಹೋಗಿ ತೊಟ್ಟಿಯ ಪಕ್ಕದಲ್ಲೇ ನಿಂತಳು.

"ಒಂದೇ ಮೀನದಾವ ನೋಡ್ರಿ ಮೇಡಮ್. ನಂಬಿಕಿ ಇಲ್ಲಂದ್ರ ಬ್ಯಾರೆ ಕಡಿ ತಗೋರಿ," ಎಂದ ಕೈಲಾಶ, ಮುಖ ಬಿಗಿದುಕೊಂಡು.

ಒಂದೇ ಮೀನಿನವು. ಆಕೆಯೇ ಕೈಯಾರೆ ಪಾಲು ಮಾಡಿದಳು. ಆದರೂ ಸುರುಳಿಯವೇ ಮೊದಲು ಬಂದವು.

ಐದನೆಯ ಸಲದ ಮೊಟ್ಟೆಗಳನ್ನು ನೋಡುತ್ತಿದ್ದಾಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಸುರುಳಿಯ ಪೆಟ್ಟಿಗೆಯ ಮುಚ್ಚಳ ತುಸು ಸರಿದಿತ್ತು. ಆರನೆಯ ಸಲ ಆಕೆ ಪೆಟ್ಟಿಗೆಯೊಳಗೆ ಮೊಟ್ಟೆಗಳಿದ್ದ ತಟ್ಟೆಗಳಲ್ಲಿ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು, ಎರಡೂ ಮುಚ್ಚಳಗಳಿಗೆ ದಾರ ಅಂಟಿಸಿ ಹೋದಳು. ಬೆಳಿಗ್ಗೆ ಹತ್ತಕ್ಕೆ ಬಂದರೆ ಸುರುಳಿಯ ಪೆಟ್ಟಿಗೆಯ ದಾರ ಕಿತ್ತಿತ್ತು, ನೀರು ಗೆರೆಗಿಂತ ಮೇಲಿತ್ತು. ಇನ್ನೊಂದನ್ನು ಯಾರೂ ಮುಟ್ಟಿರಲಿಲ್ಲ.

ಅಷ್ಟು ಹೊತ್ತಿಗಿಂತ ಮೊದಲು ಕೋಣೆಗೆ ಬರುವವಳು ವಜೀರಬೀ ಒಬ್ಬಳೇ. ಚಿದ್ರಿಯಿಂದ ನಡೆದು ಬಂದು ಎಂಟಕ್ಕೆಲ್ಲ ಕಸ ಹೊಡೆದು ಮುಗಿಸುತ್ತಿದ್ದ ಹಿರಿಯ ಹೆಂಗಸು. ಆಕೆಯ ಹಿಂದೆ ಸಿದ್ದೇಶ್ವರ ಸರ್ ಇರಬೇಕೆಂದು ಉಜ್ವಲಾಳಿಗೆ ಅನಿಸಿತು. ಸೆಮಿನಾರು ಬೇಕಾಗಿದ್ದುದು ಅವರಿಗೆ. ಹೊರಗೆ ಪಡಸಾಲೆ ಗುಡಿಸುತ್ತಿದ್ದ ವಜೀರಬೀಯನ್ನು ಕರೆದಳು.

"ಖಾಲಾ, ಪೆಟ್ಟಿಗಿಗೆ ಕೈ ಹಚ್ಚಿರೇನು?"

"ಹೂಂ."

"ಯಾರು ಹೇಳ್ಯಾರ? ಸರ್ ಹೇಳ್ಯಾರೇನು?"

ವಜೀರಬೀ ಕಸಬರಿಗೆಯನ್ನು ಗೋಡೆಗೆ ಒರಗಿಸಿದಳು. "ಯಾರೂ ಹೇಳಿಲ್ಲರಿ. ಆ ತಂತಿ ಸುತ್ತಿದ್ದರಾಗ ನೀರು ಲಗೂನ ಇಳೀತಾವ. ಮೊಟ್ಟಿ ಒಣಗ್ತಾವಂತ ಡ್ರಮ್ಮಿಂದ ಒಂದಿಷ್ಟು ಹಾಕೀನಿ. ತಪ್ಪಾತೇನ್ರಿ?"

"ಅದೊಂದರಾಗೇ ಯಾಕ ಇಳೀತಾವ?"

"ನನಗೇನ್ ಗೊತ್ತರಿ. ಕೈ ಇಟ್ಟರ ಬೆಚ್ಚಗ ಇರ್ತದ."

ಉಜ್ವಲಾ ಗೋಡೆಯ ಕಡೆ ತಿರುಗಿದಳು. ಎರಡು ವರ್ಷ ಆಕೆ ಉಷ್ಣತೆ ಬರೆದುಕೊಂಡದ್ದು ಗೋಡೆಗೆ ತೂಗಿದ ಥರ್ಮಾಮೀಟರ್ ನೋಡಿ. ಅದನ್ನು ಬಿಚ್ಚಿ ಬರಿಯ ಪೆಟ್ಟಿಗೆಯ ತಟ್ಟೆಯಲ್ಲಿ ಅದ್ದಿದಳು: ಇಪ್ಪತ್ತಾರು. ಸುರುಳಿಯ ತಟ್ಟೆಯಲ್ಲಿ ಅದ್ದಿದಳು: ಇಪ್ಪತ್ತೇಳೂವರೆ ದಾಟಿತು. ಕರೆಂಟು ಹರಿದ ತಂತಿ ನೀರನ್ನು ಕಾಯಿಸುತ್ತಿತ್ತು. ಬೆಚ್ಚಗಿನ ನೀರಲ್ಲಿ ಮೀನಿನ ಮೊಟ್ಟೆ ಬೇಗ ಒಡೆಯುತ್ತದೆಂಬುದು ಕೈಲಾಶನಿಗೂ ಗೊತ್ತಿದ್ದ ಮಾತು.

ಸಿದ್ದೇಶ್ವರ ಸರ್ ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದೂವರಿ ಡಿಗ್ರಿ ಯಾರು ಕೇಳ್ತಾರವ್ವಾ?"

"ನಾನೇ ಕೇಳ್ತೇನಿ ಸರ್. ಸೆಮಿನಾರಿಂದ ಹೆಸರು ತಗೀರಿ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಕೊನೆಗೆ, "ಮತ್ತ ಹೊಸದಾಗಿ ಮಾಡು," ಎಂದಷ್ಟೇ ಹೇಳಿದರು. ಅವರಿಗೆ ನಿಜವಾಗಿ ಮೊದಲೇ ಗೊತ್ತಿರಲಿಲ್ಲವೇ ಎಂಬುದು ಆಕೆಗೆ ಕೊನೆಯವರೆಗೂ ತಿಳಿಯಲಿಲ್ಲ.

ಈ ಸಲ ಬರಿಯ ಪೆಟ್ಟಿಗೆಗೂ ಅಷ್ಟೇ ತಂತಿಯನ್ನು ಸುತ್ತಿದಳು, ಆದರೆ ಜೋಡಿಯಾಗಿ: ಒಂದೆಳೆಯಲ್ಲಿ ಹೋದ ಕರೆಂಟು ಪಕ್ಕದ ಎಳೆಯಲ್ಲಿ ಮರಳಿ ಬರುವಂತೆ. ಕಾವು ಅಷ್ಟೇ ಇರುತ್ತದೆ, ಎರಡೆಳೆಗಳ ಕಾಂತಕ್ಷೇತ್ರಗಳು ಒಂದನ್ನೊಂದು ಹೊಡೆದುಹಾಕುತ್ತವೆ. ಮರಿಗಳು ಎರಡೂ ಕಡೆ ಒಂದೇ ಹೊತ್ತಿಗೆ ಹೊರಬಂದವು. ಹತ್ತು ತಾಸಿನ ಅಂತರ ಮಾಯವಾಗಿತ್ತು.

ಒಂದು ಮಾತ್ರ ಉಳಿಯಿತು. ಕಾಂತವಿದ್ದ ತಟ್ಟೆಯಲ್ಲಿ ಮೊಟ್ಟೆಯೊಡೆದ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಕಡೆ ತಲೆ ಮಾಡಿ ಮಲಗಿದ್ದವು. ಇದು ಕಾಂತದ್ದೇ ಕೆಲಸವಿರಬಹುದೆಂದು ಉಜ್ವಲಾಳಿಗೆ ಆಸೆಯಾಯಿತು. ಮರುಗಳಿಗೆಯೇ ಆಕೆ ತಲೆಯೆತ್ತಿ ಕಿಟಕಿಯಿಂದ ಬೀಳುತ್ತಿದ್ದ ಬಿಸಿಲನ್ನು ನೋಡಿದಳು. ಬೆಳಕಿನ ಕಡೆ ತಿರುಗಿರಬಹುದು.

ವಜೀರಬೀ ಮೇಜು ಒರೆಸುತ್ತಿದ್ದಳು. ಆ ದಿನ ಗುಮಾನಿಪಟ್ಟು ಆಡಿದ ಮಾತಿಗೆ ಉಜ್ವಲಾ ಎರಡು ಸಲ ಮಾಫಿ ಕೇಳಿದ್ದಳು. ಎರಡು ಸಲವೂ ವಜೀರಬೀ "ಇರ್ಲಿ ಬಿಡ್ರಿ" ಎಂದಿದ್ದಳು. ಆದರೆ ಎಂಟರೊಳಗೆ ಕಸ ಹೊಡೆಯುವುದನ್ನು ಬಿಟ್ಟು, ಉಜ್ವಲಾ ಬಂದ ಮೇಲೆಯೇ ಕೋಣೆಯೊಳಗೆ ಕಾಲಿಡುತ್ತಿದ್ದಳು.

"ಖಾಲಾ, ಆ ಪರದೆ ಒಂದಿಷ್ಟು ಎಳೀರಿ."

ವಜೀರಬೀ ಬಟ್ಟೆ ಹಿಂಡಿ ಬಕೆಟಿನ ಅಂಚಿಗೆ ಹಾಕಿದಳು.

"ನೀವೇ ಎಳೀರಿ ಮೇಡಮ್," ಎಂದಳು. "ನಾನು ನಿಂತು ನೋಡ್ತೇನಿ."