ಕೂತೇಳುವ ಕೆಲಸ

"ಏಳೇ ರಂಡೆ! ಕೂತವ್ಳು ಕೂತೇ ಇದ್ಯಲ್ಲ, ನಿನ್ನ ಅಪ್ಪನ ಕಾರೇನೆ ಇದು?"

ಬಾಗಿಲಲ್ಲಿ ಸೂಪರ್‌ವೈಸರ್ ವೆಂಕಟ ನಿಂತಿದ್ದ. ನಾಗಿ ಕಾರಿನ ಸೀಟಿನಿಂದ ಎದ್ದಳು. ಮೊಣಕಾಲು ಚಟ್ಟೆಂದಿತು. ಕೈಯಲ್ಲಿದ್ದ ಎಣಿಕೆಯ ಗುಂಡಿ ಒತ್ತಿದಳು. ಒಂಬತ್ತು ಸಾವಿರದ ನಾನೂರಾ ಹದಿಮೂರು. ಮತ್ತೆ ಕೂತಳು, ಮತ್ತೆ ಎದ್ದಳು.

"ಉಸಿರು ಬಿಡೂಕಾದ್ರೂ ಬಿಡಾ, ಮಾರಾಯಾ."

"ಮೆಷಿನ್ ಉಸಿರು ಬಿಡ್ತದೇನೆ?"

ಕುಮಟೆಯ ಹೊರಗಿದ್ದ ಆ ನಾರಿನ ಕಾರ್ಖಾನೆಗೂ ಪುಣೆಯ ಕಾರು ಕಂಪನಿಯೊಂದಕ್ಕೂ ಹೊಸ ನಂಟು ಬೆಳೆದಿತ್ತು. ಬರುವ ವರ್ಷದ ಕಾರಿಗೆ ಸ್ಪಂಜಿನ ಬದಲು ತೆಂಗಿನ ನಾರು ತುಂಬಿದ ಸೀಟು. ಅವರು ಅಳತೆ ಕಳಿಸುವುದು, ಇವರು ಮಾಡಿ ಕೊಡುವುದು, ಅವರು ತಪ್ಪು ಹೇಳುವುದು, ಇವರು ತಿದ್ದುವುದು. ಏಳು ತಿಂಗಳಿಂದ ಇದೇ ನಡೆದಿತ್ತು. ಇಪ್ಪತ್ತೈದು ಸಾವಿರ ಸಲ ಕೂತೆದ್ದರೂ ಸೀಟು ಕುಸಿಯಬಾರದೆಂದು ಕರಾರು. ಅದನ್ನು ಪರೀಕ್ಷಿಸುವ ಯಂತ್ರಕ್ಕೆ ಎರಡು ತಿಂಗಳು ಕಾಯಬೇಕಿತ್ತು.

ಮಾಲೀಕ ರವೀಂದ್ರ ನಕ್ಕಿದ್ದ. "ಯಂತ್ರ ಎಂತಕ್ಕೆ? ನಾಗಿ ಇದ್ದಾಳಲ್ಲ. ಗಂಡ ಇಲ್ಲ, ಮಕ್ಕಳಿಲ್ಲ. ರಜಾನೂ ಕೇಳೂದಿಲ್ಲ." ಮುಕ್ರಿ ಕೇರಿಯವಳ ಮೈ ತಾಗಿ ಮೈಲಿಗೆಯಾಗಬಾರದೆಂದು ಸೀಟಿಗೆ ಪ್ಲಾಸ್ಟಿಕ್ ಹೊದಿಸಿದ್ದೂ ಅವನೇ.

ಹದಿನಾಲ್ಕು ವರ್ಷ ನಾಗಿ ಅಂಗಳದಲ್ಲಿ ಹೆಂಗಸರ ಸಾಲಲ್ಲಿ ಕೂತು ನಾರು ಬಿಡಿಸಿದವಳು. ಮನೆಯಲ್ಲಿ ಮಾತಿಗೆ ಯಾರೂ ಇಲ್ಲದವಳಿಗೆ ಆ ಸಾಲೇ ಸಂಸಾರ. ಈಗ ಅವಳು ಕಿಟಕಿಯಿಲ್ಲದ ಕೋಣೆಯಲ್ಲಿ ಒಬ್ಬಳೇ. ಗೋಡೆಯಾಚೆ ನಗು ಕೇಳುತ್ತಿತ್ತು. ಯಾಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಮಧ್ಯಾಹ್ನ ಗಂಜಿಗೆ ಹೋದರೆ, ಜೊತೆಗೇ ಕೆಲಸಕ್ಕೆ ಸೇರಿದ ರೋಹಿಣಿ ಕೂಡ ಜಾಗ ಬಿಡಲಿಲ್ಲ. "ನಿಂಗೆಂತಾ ಮಾರಾಯ್ತಿ, ಕುರ್ಚಿ ನೌಕರಿ. ನಮ್ಮ ಸಂಗ್ತಿ ನೆಲಕ್ಕೆ ಕೂರ್ತ್ಯಾ?"

ಮೊಣಕಾಲು ತೋರಿಸಬೇಕೆಂದುಕೊಂಡಳು. ತೋರಿಸಲಿಲ್ಲ.

ಆರನೆಯ ದಿನ, ಹನ್ನೊಂದು ಸಾವಿರ ದಾಟುತ್ತಲೇ, ಸೀಟಿನ ಒಳಗೇನೋ ಮುರಿದಂತಾಯಿತು. ನಡುವೆ ಗುಳಿ ಬಿತ್ತು, ಮೇಲೇಳಲಿಲ್ಲ. ನಾಗಿ ಓಡಿಹೋಗಿ ಹೇಳಿದಳು. ರವೀಂದ್ರ ಬಂದು ನೋಡಿ, ಆ ಸೀಟನ್ನು ಹಿಂದಿನ ಕೊಟ್ಟಿಗೆಗೆ ಎಸೆಸಿ, ಹೊಸದನ್ನು ತರಿಸಿದ.

"ಒಡೇರೇ, ಮತ್ತೆ ಒಂದ್ರಿಂದ ಎಣಿಸ್ಲಾ?"

"ಎಂತ ಒಂದ್ರಿಂದ? ಮುಂದೆ ಎಣ್ಸು. ಬಾಯಿ ಮುಚ್ಕಂಡು ಎಣ್ಸು."

ಇಪ್ಪತ್ತೈದು ಸಾವಿರ ಮುಗಿದ ಮರುದಿನ ಕಂಪನಿಯ ಮೂವರು ಬಂದರು. ಯಾರೂ ಕೂರದ ಹೊಚ್ಚ ಹೊಸ ಸೀಟೊಂದು ಮೇಜಿನ ಮೇಲೆ ಹೊಳೆಯುತ್ತಿತ್ತು. ಕೂತು ಪರೀಕ್ಷಿಸಿದ್ದು ಯಾರೆಂದು ಅವರಲ್ಲಿದ್ದ ಎಂಜಿನಿಯರ್ ಹುಡುಗಿ ಕೇಳಿದಳು. ನಾಗಿಯನ್ನು ಕರೆಸಿದರು. ಹುಡುಗಿ ಹಿಂದಿಯಲ್ಲಿ ಏನೋ ಕೇಳಿ ನಕ್ಕಳು.

ನಾಗಿ ಅಂದಳು, "ಅಮ್ಮಾ, ನಾ ಕೂತದ್ದು ಇದಲ್ಲ. ಮೊದ್ಲು ಕೂತದ್ದು ಹನ್ನೊಂದು ಸಾವಿರಕ್ಕೇ ಕುಸೀತು. ನನ್ನ ಮೊಣಕಾಲೂ ಕುಸೀತು."

ರವೀಂದ್ರ ಹಿಂದಿಯಲ್ಲಿ ಉದ್ದಕ್ಕೆ ಏನೋ ಹೇಳಿದ. 'ಬಹುತ್ ಅಚ್ಛಾ' ಎಂಬುದಷ್ಟೇ ಅವಳಿಗೆ ತಿಳಿಯಿತು. ಅವನು ತನ್ನ ಮಾತು ತಿರುಚಿದನೆಂದು ತಿಳಿಯಲು ಅಷ್ಟು ಸಾಕಾಯಿತು.

ಅವಳು ಹಿಂದಿನ ಕೊಟ್ಟಿಗೆಗೆ ಹೋದಳು. ಕುಸಿದ ಸೀಟನ್ನು ಕುಂಟುತ್ತ, ನೆಲಕ್ಕೆ ಗೀರುತ್ತ, ಅಂಗಳದ ಹೆಂಗಸರೆಲ್ಲ ನೋಡುತ್ತಿದ್ದಂತೆ ಎಳೆದು ತಂದು, ಚಹಾದ ಕಪ್ಪುಗಳ ನಡುವೆ ದಬಕ್ಕನೆ ಇಟ್ಟಳು. ಪ್ಲಾಸ್ಟಿಕ್ ಹರಿದು ತೆಗೆದಳು.

"ನೋಡಿ. ಇದ್ಕೆ ಯಾರ ಮಾತೂ ಬೇಡ."

ಮೂವರೂ ಬಗ್ಗಿದರು. ಗುಳಿಯಲ್ಲಿ ಬೆರಳಿಟ್ಟರು, ಅಳೆದರು, ಫೋಟೊ ತೆಗೆದರು. ರವೀಂದ್ರನ ಮುಖ ಬಿಳಿಚಿತು. ತುಸು ಹೊತ್ತಿಗೆ ಎಂಜಿನಿಯರ್ ಅವನ ಹೆಗಲು ತಟ್ಟಿ ಏನೋ ಅಂದಳು. ಎಲ್ಲ ನಕ್ಕರು. ನಾರಿಗೆ ಇನ್ನಷ್ಟು ರಬ್ಬರ್ ಹಾಲು ಬೆರೆಸುವುದು, ಇನ್ನೊಮ್ಮೆ ಪರೀಕ್ಷಿಸುವುದು ಎಂದು ತೀರ್ಮಾನವಾಯಿತು. ನಾಗಿಯ ಹೆಸರನ್ನು ಯಾರೂ ಕೇಳಲಿಲ್ಲ.

"ಹೋಗು, ಇನ್ನು ಗೇಟಿನೊಳಗೆ ಕಾಲಿಟ್ರೆ ಕಾಲು ಮುರೀತೆ" ಎಂದು ವೆಂಕಟ ಅವಳ ರಟ್ಟೆ ಹಿಡಿದು ಹೊರಗೆ ನೂಕಿದ.

"ಮುರೂಕೆ ಇನ್ನೆಂತ ಉಳ್ದದ್ಯೋ ಬೇವರ್ಸಿ?"

ಅಂಗಳದಲ್ಲಿ ಹೆಂಗಸರು ತಲೆ ತಗ್ಗಿಸಿ ನಾರು ಬಿಡಿಸುತ್ತಿದ್ದರು. ನಾಗಿ ಸಾಲಿನ ಮುಂದೆ ನಿಂತಳು. ಸೀರೆಯನ್ನು ಮೊಣಕಾಲಿನ ತನಕ ಎತ್ತಿದಳು. ಗಂಟು ಕುಂಬಳಕಾಯಿಯಂತೆ ಬಾತು ಕಪ್ಪಾಗಿತ್ತು.

"ಕುರ್ಚಿ ನೌಕರಿ ಇದು. ಈಗ ನಿಮ್ಮಲ್ಲೊಬ್ಳನ್ನ ಕರೀತ್ರು. ಹೋಗಬೇಡಿ."

ಅವಳು ಗೇಟು ದಾಟಿ ತನ್ನೂರು ಹೊಲನಗದ್ದೆಯ ದಾರಿ ಹಿಡಿದಳು. ಜೊತೆಗೆ ಯಾರೂ ಬರಲಿಲ್ಲ.

ಒಳಗಿನಿಂದ ವೆಂಕಟ ಕೂಗಿದ. "ರೋಹಿಣೀ, ಬಾರೇ ಇಲ್ಲಿ!"

ರೋಹಿಣಿಯ ಕೈ ನಿಂತಿತು. ಅವನು ಇನ್ನೊಮ್ಮೆ ಕೂಗಿದ, ಈ ಸಲ ಬೈಗುಳ ಸೇರಿಸಿ.

ಅವಳು ಸಾಲಿನಲ್ಲಿ ಕೂತೇ ಇದ್ದಳು.